ಟೈರು ‘ಏರಿಸು’, ‘ಕೂರಿಸು’: ಆಮೇಲೆ?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಆಟದ ಕಾರು ಜೋಡಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಪಾನಿನ ಟಮಿಯಾ ಕಂಪನಿ 1982ರಲ್ಲಿ ಶುರು ಮಾಡಿದ ಮಿನಿ ಫೋರ್ ವೀಲ್ ಡ್ರೈವ್ ಕಾರು. ನಿಜವಾದ ಕಾರಿನ 32ರಲ್ಲಿ ಒಂದು ಪಾಲು ಅಳತೆ, ಎರಡು ಸೆಲ್ಲು, ಒಂದು ಪುಟ್ಟ ಮೋಟರು. ಉಳಿದದ್ದೆಲ್ಲ ಸಲೀಸಾಗಿ ಸಾಗಿತು. ಪ್ಲಾಸ್ಟಿಕ್ ಗಾಲಿಗೆ ರಬ್ಬರ್ ಟೈರು ಹಾಕುವ ಜಾಗದಲ್ಲಿ ಪದಗಳು ಸಾಲುತ್ತಿಲ್ಲ.

ಟೈರಿನ ಒಳಸುತ್ತನ್ನು ಗಾಲಿಗಿಂತ ಬೇಕಂತಲೇ ಚಿಕ್ಕದಾಗಿ ಮಾಡಿರುತ್ತಾರೆ. ಸಡಿಲವಾದರೆ ಓಡುವಾಗ ಗಾಲಿ ಒಳಗೊಳಗೇ ತಿರುಗಿ ಟೈರು ಜಾರುತ್ತದೆ. ಬಿಗಿ ಜಾಸ್ತಿ ಅನ್ನಿಸಿದರೆ ಟೈರನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಹಾಕಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಟೈರಿನ ಒಂದು ಬದಿಯನ್ನು ಗಾಲಿಯ ಅಂಚಿಗೆ ಸಿಕ್ಕಿಸಬೇಕು. ಅದು ಕಳಚದ ಹಾಗೆ ಒಂದು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಉಳಿದ ಭಾಗವನ್ನು ಎಳೆದೆಳೆದು ಅಂಚು ದಾಟಿಸಬೇಕು. ಕೊನೆಗೆ ಸುತ್ತಲೂ ಒತ್ತಿ ಸರಿಮಾಡಬೇಕು. ಎಲ್ಲಾದರೂ ತಿರುಚಿಕೊಂಡಿದ್ದರೆ ಕಾರು ಕುಪ್ಪಳಿಸುತ್ತಾ ಓಡುತ್ತದೆ.

ಕೈಪಿಡಿಗಳಲ್ಲಿ ಇದಕ್ಕೆಲ್ಲ ಸಾಮಾನ್ಯವಾಗಿ ಒಂದೇ ಮಾತು: ‘ಅಳವಡಿಸಿ’. ನನಗೆ ಅದು ಒಗ್ಗುವುದಿಲ್ಲ. ಕೈ ಯಾವ ಕಡೆ ಹೋಗಬೇಕು, ಎಷ್ಟು ಜೋರು ಹಾಕಬೇಕು ಅನ್ನೋದು ಅದರಿಂದ ಮಗುವಿಗೆ ತಿಳಿಯುವುದೇ ಇಲ್ಲ. ‘ತೊಡಿಸು’ ಅಂದರೆ ಅಂಗಿ ತೊಡಿಸಿದಷ್ಟು ಸುಲಭ ಅನ್ನಿಸಿಬಿಡುತ್ತದೆ. ಬಿಗಿ ಬಳೆಗೆ ಸೋಪು ಹಚ್ಚಿ ಕೈಗೆ ಏರಿಸುತ್ತಾರಲ್ಲ, ಆ ‘ಏರಿಸು’ ಇಲ್ಲಿಗೆ ಸರಿಹೊಂದುತ್ತದೆ. ಹಾಗಾಗಿ ಸದ್ಯಕ್ಕೆ ‘ಸಿಕ್ಕಿಸಿ, ಏರಿಸಿ, ಕೂರಿಸಿ’ ಎಂದು ಬರೆದಿದ್ದೇನೆ. ಉತ್ತರ ಕರ್ನಾಟಕದ ಮಕ್ಕಳು ‘ಕುಂದ್ರಿಸಿ’ ಅಂತ ಓದಿಕೊಂಡರೂ ಅರ್ಥ ಕೆಡುವುದಿಲ್ಲ, ಅಲ್ವಾ?

ಇನ್ನೊಂದು ಪದ ಬೇಕು. ಟೈರು ಕೂತಾದ ಮೇಲೆ ಗಾಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆರಳಲ್ಲಿ ಉಜ್ಜಿದರೂ ಜಾರುವುದಿಲ್ಲ. ಇದಕ್ಕೆ ಏನನ್ನೋಣ? ‘ಕಚ್ಚಿಕೊಳ್ಳು’ ಅಂತ ಮೊದಲು ಹೊಳೆಯಿತು. ಆದರೆ ಗ್ಯಾರೇಜಿನಲ್ಲಿ ‘ಬೇರಿಂಗ್ ಕಚ್ಚಿಕೊಂಡಿದೆ’ ಅಂದರೆ ತಿರುಗದೆ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಅದು ರೋಗದ ಹೆಸರು. ನನಗೆ ಬೇಕಾದದ್ದು ಕೆಲಸ ಸರಿಯಾಗಿದೆ ಅನ್ನುವ ಪದ.

ಎತ್ತಿನ ಗಾಡಿಯ ಗಾಲಿಗೆ ಹಳಿ ಹಾಕುವುದನ್ನು ನೋಡಿದವರು ಇಲ್ಲಿ ಇರಬಹುದು. ಕಬ್ಬಿಣದ ಹಳಿಯನ್ನೂ ಗಾಲಿಗಿಂತ ಕೊಂಚ ಚಿಕ್ಕದಾಗಿಯೇ ಮಾಡುತ್ತಾರೆ. ಬೆಂಕಿಯಲ್ಲಿ ಕಾಯಿಸಿದಾಗ ಹಿಗ್ಗುತ್ತದೆ, ಗಾಲಿಗೆ ಹಾಕಿ ನೀರು ಸುರಿದಾಗ ಕುಗ್ಗಿ ಮರವನ್ನು ಬಿಗಿಯುತ್ತದೆ. ರಬ್ಬರಿನದು ಬೇರೆ ಬಗೆ, ಅದು ಎಳೆದಾಗ ಹಿಗ್ಗಿ, ಬಿಟ್ಟಾಗ ತಾನೇ ಕುಗ್ಗುತ್ತದೆ. ಆದರೆ ಕೊನೆಯ ಹಿಡಿತ ಎರಡರಲ್ಲೂ ಒಂದೇ. ಹಳಿ ಮರವನ್ನು ಹಾಗೆ ಹಿಡಿದ ಗಳಿಗೆಗೆ ಕಮ್ಮಾರರು, ಬಡಗಿಗಳು ನಿಮ್ಮ ಕಡೆ ಏನೆನ್ನುತ್ತಿದ್ದರು? ‘ಬಿಗೀತು’, ‘ಹಿಡೀತು’, ‘ಕೂತಿತು’ ಇವುಗಳಲ್ಲಿ ಒಂದೋ, ಅಥವಾ ಬೇರೆಯೇ ಪದವೋ? ಊರಿನ ಹೆಸರಿನ ಜೊತೆ ತಿಳಿಸಿದರೆ ಉಪಕಾರ.