ಅಪ್‌ಡೇಟ್: ಜಗ್ಗುತ್ತಿದ್ದ ಮೋಟಾರು ಈಗ ನುಣ್ಣಗೆ ತಿರುಗುತ್ತಿದೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಅಪ್ಪ ಮೂಟೆ ತರುವ 48 ವೋಲ್ಟ್ ಎಲೆಕ್ಟ್ರಿಕ್ ಸ್ಕೂಟರಿಗೆ, ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಹೊಸ ಕಂಟ್ರೋಲರ್ ಹಾಕಿದ ಮೇಲೆ ಚಕ್ರದೊಳಗಿನ ಹಬ್ ಮೋಟಾರು ತಿರುಗದೆ ಗುಂಯ್‌ಗುಟ್ಟಿ ಜಗ್ಗುತ್ತಿದೆ ಎಂದು ಕೇಳಿದ್ದೆ. ಈಗ ಸರಿಹೋಗಿದೆ, ಸಲಹೆ ಕೊಟ್ಟವರಿಗೆಲ್ಲ ಮನಸಾರೆ ವಂದನೆ.

ಮೊದಲು, ಮೋಟಾರು ಯಾವ ಸ್ಥಾನದಲ್ಲಿದೆ ಎಂದು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರ್‌ಗಳನ್ನು ನೋಡಿದೆ. ಕೀ ಆನ್ ಮಾಡಿ, ಮೀಟರಿನ ಒಂದು ಕಡ್ಡಿಯನ್ನು ಸೆನ್ಸರಿನ ಕಪ್ಪು ತಂತಿಗೆ, ಇನ್ನೊಂದನ್ನು ಹಳದಿ, ಹಸಿರು, ನೀಲಿ ತಂತಿಗಳಿಗೆ ಒಂದೊಂದಾಗಿ ಹಿಡಿದು ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಮೂರರಲ್ಲೂ ವೋಲ್ಟೇಜು ಸೊನ್ನೆಯ ಹತ್ತಿರಕ್ಕೂ 5ರ ಹತ್ತಿರಕ್ಕೂ ಜಿಗಿಯಿತು. ಅಂದರೆ ಸೆನ್ಸರ್‌ಗಳು ಸರಿಯಾಗಿವೆ, ತೊಂದರೆ ಮೋಟಾರಿಗೆ ಕರೆಂಟು ಒಯ್ಯುವ ಫೇಸ್ ತಂತಿಗಳ ಕ್ರಮದ್ದು. ಬಣ್ಣಕ್ಕೆ ಬಣ್ಣ ಜೋಡಿಸಿದರೆ ಸಾಕೆಂದು ನಂಬಬೇಡಿ. ತಯಾರಕರೆಲ್ಲ ಒಂದೇ ಕ್ರಮ ಪಾಲಿಸುವುದಿಲ್ಲ. ಹಾಲ್ ತಂತಿಗಳನ್ನು ಮುಟ್ಟದೆ, ಮೂರು ಫೇಸ್ ತಂತಿಗಳನ್ನು 6 ಬಗೆಯಲ್ಲಿ ಜೋಡಿಸಬಹುದು. ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ, ಥ್ರಾಟಲ್ ತುಸುವೇ ತಿರುವಿ ಪರೀಕ್ಷಿಸಿದೆ. ಚಕ್ರ ತಿರುಗಿತೆಂದು ಅಲ್ಲಿಗೇ ನಿಲ್ಲಿಸಬೇಡಿ: ತಪ್ಪು ಜೋಡಣೆಯಲ್ಲೂ ಒರಟಾಗಿ ತಿರುಗಿ ಹೆಚ್ಚು ಕರೆಂಟು ಎಳೆಯಬಹುದು. ಕಡಿಮೆ ಕರೆಂಟಿನಲ್ಲಿ ನುಣ್ಣಗೆ, ಮುಂದಕ್ಕೆ ತಿರುಗಿದ ಜೋಡಣೆಯನ್ನೇ ಉಳಿಸಿಕೊಂಡೆ.

ಬ್ರೇಕ್ ಹಿಡಿದಾಗ ಮೋಟಾರು ನಿಲ್ಲಿಸುವ ಸ್ವಿಚ್ಚಿನ ತಂತಿ ಇನ್ನೂ ಬಾಕಿ. ಅದಾಗುವವರೆಗೆ ಅಪ್ಪನ ಕೈಗೆ ಕೀ ಕೊಡುವುದಿಲ್ಲ.