ಕ್ಯಾಂಡಲ್ ಕೆಂಪಾದ ದಿನ

ನಮ್ಮ ಗುಂಪಿನಲ್ಲಿ ಒಬ್ಬನಿಗೆ ಕ್ಯಾಂಡಲ್ ಅಂತಲೇ ಹೆಸರು. ದಿನವಿಡೀ ಷೇರಿನ ಚಾರ್ಟ್‌ನಲ್ಲಿ ಕ್ಯಾಂಡಲ್‌ಗಳನ್ನು, ಅಂದರೆ ಬೆಲೆ ಏರಿದರೆ ಹಸಿರು, ಇಳಿದರೆ ಕೆಂಪಾಗುವ ಕಂಬಗಳನ್ನು ನೋಡಿ ನೋಡಿ, 'ಹೇಗಿದ್ದೀಯೋ' ಅಂದರೂ 'ಸೈಡ್‌ವೇಸ್', ಅಂದರೆ ಏರಿಕೆಯೂ ಇಲ್ಲ ಇಳಿಕೆಯೂ ಇಲ್ಲ, ಅನ್ನುತ್ತಾನೆ. ಇನ್ನೊಬ್ಬ ಬ್ಯಾಲೆನ್ಸ್ ಶೀಟ್. ಕಂಪನಿಯ ಸಾಲ, ಲಾಭ, ಕೊನೆಯಲ್ಲಿರುವ ಸಣ್ಣ ಅಕ್ಷರ ಎಲ್ಲ ಓದದೆ ಒಂದು ಷೇರನ್ನೂ ಮುಟ್ಟದ ಜೀವ.

ಮೊನ್ನೆ ಕ್ಯಾಂಡಲ್ ಯಾವುದೋ ಷೇರು ಕೊಂಡು ಬೀಗುತ್ತಿದ್ದ.

'ಆ ಕಂಪನಿ ಏನು ತಯಾರಿಸುತ್ತೆ?' ಅಂತ ಬ್ಯಾಲೆನ್ಸ್ ಶೀಟ್ ಕೇಳಿದ.

'ಅದೆಲ್ಲ ನನಗ್ಯಾಕೆ? ಏನೇ ಇದ್ದರೂ ಬೆಲೆಯಲ್ಲೇ ಸೇರಿರುತ್ತೆ. 18ನೇ ಶತಮಾನದಲ್ಲೇ ಜಪಾನಿನ ಹೊಮ್ಮಾ ಮುನೆಹಿಸಾ ಅಕ್ಕಿ ಮಾರುಕಟ್ಟೆಯಲ್ಲಿ ಕೂತು ಜನರ ಮನಸ್ಸು ಓದ್ತಿದ್ದ, ಗೊತ್ತಾ?'

'ಅವನಿಗೆ ಕೊಳ್ತಿರೋದು ಅಕ್ಕಿ ಅಂತಾದರೂ ಗೊತ್ತಿತ್ತಲ್ಲಪ್ಪ!'

ಕ್ಯಾಂಡಲ್ ಫೋನ್ ತೆಗೆದ. ಒಂದು ಅಡ್ಡಗೆರೆ. ಬೆಲೆ ಮೂರು ಸಲ ಅಲ್ಲಿಗೆ ಇಳಿದು ಪುಟಿದಿದೆ, ಅದೇ ಸಪೋರ್ಟ್. ಕೆಳಗೆ 14 ದಿನದ ಏರಿಳಿತದ ಜೋರನ್ನು 0ಯಿಂದ 100ರೊಳಗೆ ಅಳೆಯುವ ಆರ್‌ಎಸ್‌ಐ, 30ಕ್ಕಿಂತ ಕಡಿಮೆ. ಅಂದರೆ ಮಾರುವವರು ಮಾರಿ ಮಾರಿ ಸುಸ್ತಾಗಿದ್ದಾರಂತೆ.

'14 ಯಾಕೆ, 13 ಯಾಕಾಗಬಾರದು?' ಅಂದೆ ನಾನು.

'ಈ ಆರ್‌ಎಸ್‌ಐ ರೂಪಿಸಿದ ವೆಲ್ಸ್ ವೈಲ್ಡರ್ 1978ರಲ್ಲಿ 14 ಅಂದ. ಈಗ ಎಲ್ಲರೂ ಅದನ್ನೇ ನೋಡ್ತಾರೆ. ಎಲ್ಲರೂ ನೋಡೋದ್ರಿಂದಲೇ ಅದು ಕೆಲಸ ಮಾಡುತ್ತೆ.'

ಇದಕ್ಕೆ ಏನು ಹೇಳೋದು!

ಆದರೆ ಒಂದು ವಿಷಯದಲ್ಲಿ ನನಗೆ ಅವನ ಮೇಲೆ ಗೌರವ ಇತ್ತು. ಕೊಳ್ಳುವ ಮೊದಲೇ, ಲೆಕ್ಕ ತಪ್ಪಿದರೆ ಎಲ್ಲಿ ಎದ್ದು ಬರಬೇಕು ಅಂತ ಬರೆದಿಡುತ್ತಾನೆ. 100ಕ್ಕೆ ಕೊಂಡರೆ, 95ಕ್ಕೆ ಇಳಿದಾಗ ಮಾರಿಬಿಡುವ ಸ್ಟಾಪ್ ಲಾಸ್, 110ಕ್ಕೆ ಗುರಿ. ಮೂರರಲ್ಲಿ ಎರಡು ಸಲ ತಪ್ಪಿದರೂ, ಬ್ರೋಕರೇಜ್‌ನಂಥ ಖರ್ಚು ಬಿಟ್ಟರೆ, ಕೈಯಿಂದ ಏನೂ ಹೋಗಲ್ಲ. ಗೆರೆ ಸರಿಯೋ ಸುಳ್ಳೋ, ಈ ಲೆಕ್ಕ ಮಾತ್ರ ಗಟ್ಟಿ ಅಲ್ವಾ?

ಮುಂದಿನ ವಾರ ಸಿಕ್ಕಾಗ ಕ್ಯಾಂಡಲ್ ಮುಖ ಸಪ್ಪಗಿತ್ತು.

'95ಕ್ಕೆ ಹೊರಗೆ ಬಂದ್ಯಾ?'

'ಅದು ಸುಳ್ಳು ಬ್ರೇಕ್‌ಡೌನ್, ಗೆರೆ ದಾಟಿ ಇಳಿದರೂ ಮತ್ತೆ ಮೇಲೆ ಬರುತ್ತೆ ಅನ್ನಿಸ್ತು. ಸ್ಟಾಪ್ ಲಾಸ್ 92ಕ್ಕೆ ಇಳಿಸಿದೆ.'

'ಆಮೇಲೆ?'

'88. ಆಮೇಲೆ ಸ್ಟಾಪ್ ಲಾಸೇ ತೆಗೆದುಹಾಕಿದೆ, ಸುಮ್ನೆ ಟೆನ್ಷನ್ ಯಾಕೆ ಅಂತ. ಈಗ 81. ನಾನೀಗ ಟ್ರೇಡರ್ ಅಲ್ಲ ಕಣೋ, ಲಾಂಗ್ ಟರ್ಮ್ ಹೂಡಿಕೆದಾರ.'

ನಾವಿಬ್ಬರೂ ನಗು ತಡೆದುಕೊಂಡು ಕೂತೆವು. ಅವನು ಕುರ್ಚಿಯನ್ನು ಬ್ಯಾಲೆನ್ಸ್ ಶೀಟ್ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ.

'ಅಂದಹಾಗೆ, ಆ ಕಂಪನಿ ಏನು ತಯಾರಿಸುತ್ತೆ?'