ಕತಿಯೊಳಗಿನ ಐಡಿಯಾ ಪ್ರಾಜೆಕ್ಟಿಗೆ ನಡೀತೈತೇನ್ರಿ?

ಜಮಖಂಡಿ, ಎಂ.ಎಸ್ಸಿ. ಭೌತಶಾಸ್ತ್ರ:
ವೈಜ್ಞಾನಿಕ ಕತಿ ಓದೂ ಹುಚ್ಚು ನನಗ. ಅಂಥಾ ಒಂದು ಕತಿಯಿಂದ ಹೊಳದ ವಿಷಯ ಪ್ರಾಜೆಕ್ಟಿಗೆ ತಗೋತೀನಿ ಅಂದಿದ್ದಕ್ಕ ಗೈಡ್ ಸರ್ ನಕ್ಕು, "ಕತಿ ಮನ್ಯಾಗ ಓದವಾ" ಅಂದ್ರು. ಕತಿ ಹಿಡಕೊಂಡು ಖರೇನ ಸಂಶೋಧನಾ ಮಾಡಿದವರು ಯಾರರ ಅದೀರಿ? ಹೆಂಗ ಮಾಡಿದ್ರಿ?

ವಿಜಯಪುರ, ಕಾಲೇಜು ಮಾಸ್ತರ:
ತಂಗಿ, ಬರೇ ಕತಿ ಒಯ್ದ್ರ ಯಾರರ ನಗತಾರ. ಅದರಾಗಿನ ಒಂದು ಮಾತಿಗೆ ಲೆಕ್ಕ ಹಾಕ್ಕೊಂಡು ಹೋಗು. ನಮ್ಮ ಹುಡುಗರಿಗೆ ನಾ ಪ್ರತಿ ವರ್ಷ ಫ್ರೆಂಚ್ ಕತಿಗಾರ ಜೂಲ್ಸ್ ವರ್ನ್‌ನ ತೋಪಿನ ಲೆಕ್ಕ ಕೊಡ್ತೀನಿ. 1865ರ ಕತಿ ಅದು. 900 ಅಡಿ ಉದ್ದದ ತೋಪಿನಿಂದ ಮೂರು ಮಂದಿನ್ನ ಚಂದ್ರನ ಕಡೆ ಹಾರಸ್ತಾರ. (ನಮ್ಮ ಊರಿನ ಮಲಿಕ್-ಎ-ಮೈದಾನ ತೋಪು ಹದಿನಾಲ್ಕು ಅಡಿ ಚಿಲ್ಲರೆ ಅದ!) ಭೂಮಿ ಬಿಡಬೇಕಂದ್ರ ಸೆಕೆಂಡಿಗೆ ಹತ್ತಿರ ಹತ್ತಿರ 11 ಕಿ.ಮೀ. ವೇಗ ಬೇಕು. 900 ಅಡಿ, ಅಂದ್ರ 274 ಮೀಟರ್ ನಳಿಗ್ಯಾಗ ಅಷ್ಟು ವೇಗ ಬರಬೇಕಂದ್ರ ವೇಗೋತ್ಕರ್ಷ ಗುರುತ್ವದ 22 ಸಾವಿರ ಪಟ್ಟು ದಾಟತದ. 60 ಕೆ.ಜಿ. ಮನಷ್ಯಾ 13 ಲಕ್ಷ ಕೆ.ಜಿ. ತೂಗಿದಂಗ. ಹಪ್ಪಳ ಆಗ್ತಾನ. ಮುಂದ ರಾಕೆಟ್ ವಿಜ್ಞಾನಿ ಆದ ಹರ್ಮನ್ ಓಬರ್ತ್ ಸಣ್ಣಾಂವ ಇದ್ದಾಗ ಇದ ಕತಿ ಓದಿ, ತೋಪು ನಡಿಯೂದಿಲ್ಲ ಅಂತ ಲೆಕ್ಕ ಮಾಡಿ ಕಂಡುಕೊಂಡು, ರಾಕೆಟ್ ಕಡೆ ಹೊಳ್ಳಿದ.

ಗೋಕಾಕ, ಎಂಜಿನಿಯರ್:
ನಾವು ಉಲ್ಟಾ ಮಾಡಿದ್ವಿ. ಕಬ್ಬಿನ ಹೊಲದಾಗ ತೇವ ಅಳಿಯೂ ಸೆನ್ಸಾರ್ ನಮ್ಮ ವಿಷಯ. ಸುರು ಮಾಡೂ ಮೊದಲ ನಾವ ಎರಡು ಪುಟದ ಕತಿ ಬರದ್ವಿ: 2040ನೇ ಇಸ್ವಿ, ಹೊಲಾನ ಮೊಬೈಲಿಗೆ ಮೆಸೇಜ್ ಕಳಸ್ತೈತಿ, "ನೀರಡಿಕಿ ಆಗೈತಿ, ಪಂಪ್ ಚಾಲು ಮಾಡು." ನಮ್ಮ ಕಾಕಾಗ ಓದಿ ಹೇಳಿದೆ. ತಂಬಾಕ ತಿಕ್ಕೋತ ಕೇಳಿ, "ತ್ರೀಫೇಸ್ ಕರೆಂಟ್ ಬರೂದು ರಾತ್ರಿ ಎರಡಕ್ಕ, ನಿನ್ನ ಹೊಲ ಮಧ್ಯಾಹ್ನ ಯಾಕ ಒದರತೈತಿ?" ಅಂದ. ಆಮ್ಯಾಲ, "ಬ್ಯಾಸಗ್ಯಾಗ ಎರಿಭೂಮಿ ಕೈ ಹೋಗೂವಷ್ಟು ಬಿರಕ ಬಿಡತೈತಿ. ಆವಾಗ ನಿನ್ನ ಮಶೀನ್ ಯಾತರ ತೇವ ಅಳೀತೈತಿ, ಗಾಳೀದ?"

ಎರಡನೇದು ನಮಗ ಹೊಳದ ಇರಲಿಲ್ಲ. ಲ್ಯಾಬಿನಾಗ ಡಬ್ಬ್ಯಾಗ ಮಣ್ಣು ತುಂಬಿ ರೀಡಿಂಗ್ ತಗೋತಿದ್ವಿ, ಬಿರಕ ಎಲ್ಲಿಂದ ಬರಬೇಕು? ಮಣ್ಣು ಸೆನ್ಸಾರ್ ಬಿಟ್ಟು ಸರದ್ರ ನಡುವ ಗಾಳಿ ಸೇರತೈತಿ, ರೀಡಿಂಗ್ ಸುಳ್ಳ ಇಳೀತೈತಿ. ಕಡೀಕ ಆ ಬಿರಕನ ನಮ್ಮ ವಿಷಯ ಆತು. ಸರ್ಕ್ಯೂಟ್ ನಕ್ಷಾ ತೋರಿಸಿದ್ರ ಕಾಕಾ "ಛಲೋ ಐತಿ" ಅಂದು ಎದ್ದು ಹೋಗ್ತಿದ್ದ.

ಬಾಗಲಕೋಟೆ, ನಿವೃತ್ತ ಪ್ರಾಧ್ಯಾಪಕ:
ಸಿನಾಪ್ಸಿಸ್‌ನಲ್ಲಿ ಕತಿ ಹೆಸರು ಬರಿಬ್ಯಾಡ್ರಿ. ಪ್ರಶ್ನೆ, ವಿಧಾನ, ಅಳತೆ ಅಷ್ಟೇ ಸಾಕು. ಉಪಗ್ರಹ ಸಂಪರ್ಕವನ್ನು ವೈಜ್ಞಾನಿಕ ಕತಿಗಾರ ಆರ್ಥರ್ ಕ್ಲಾರ್ಕ್ ಕತ್ಯಾಗ ಮೊದಲೇ ಹೇಳಿದ್ದ ಅಂತ ವೈವಾದಲ್ಲಿ ಅನ್ನಲೂಬ್ಯಾಡ್ರಿ. 1945ರಲ್ಲಿ ಆತ ಬರೆದದ್ದು ರೇಡಿಯೊ ತಂತ್ರಜ್ಞಾನದ ಪತ್ರಿಕೆಗೆ ಲೇಖನ, ಕತಿ ಅಲ್ಲ. ಭೌತವಿಜ್ಞಾನಿ ಕಿಪ್ ಥಾರ್ನ್ ಉದಾಹರಣೆ ಕೊಡ್ರಿ. ಖಗೋಳವಿಜ್ಞಾನಿ ಕಾರ್ಲ್ ಸಾಗನ್ ತನ್ನ ಕಾದಂಬರಿಗಾಗಿ ಥಾರ್ನ್ ಹತ್ತಿರ ನಕ್ಷತ್ರಗಳಿಗೆ ಲಗೂ ಹೋಗೋ ದಾರಿ ಕೇಳಿದ; ಅದಕ್ಕ ಹಾಕಿದ ಲೆಕ್ಕ ಬೆಳೆದು, 1988ರಲ್ಲಿ ಶಿಷ್ಯ ಮೋರಿಸ್ ಜೊತೆ ಬರೆದ, ಬಾಹ್ಯಾಕಾಶದ ದೂರದ ಎರಡು ಜಾಗ ಕೂಡಿಸೋ ಸುರಂಗದ, ಅಂದ್ರ ವರ್ಮ್‌ಹೋಲ್ ಪ್ರಬಂಧ ಆಯ್ತು. ಅದು ಬಂದದ್ದು ಭೌತಶಾಸ್ತ್ರ ಕಲಿಸೋರು ಓದೋ ಪತ್ರಿಕೆಯಲ್ಲಿ. ನಿಮ್ಮ ಗೈಡ್‌ಗೂ ತೋರಿಸಬಹುದು.

ಜಮಖಂಡಿ:
ಥ್ಯಾಂಕ್ಸ್ ರೀ ಸರ್. ನಾ ಓದಿದ ಕತ್ಯಾಗ ಗೋಡಿ ಹಳೇ ಮಾತು ನೆನಪಿಟ್ಟು ಹೊಳ್ಳಿ ಹೇಳ್ತೈತಿ. ಇದಕ್ಕ ಯಾವ ಲೆಕ್ಕ ಹಾಕ್ಲಿ?

ವಿಜಯಪುರ, ಕಾಲೇಜು ಮಾಸ್ತರ:
ಗೋಳಗುಮ್ಮಟಕ್ಕ ಬಾ! ಮುಂಜಾನೆ ಬಾಗಲಾ ತಗದ ಕೂಡ್ಲೆ ಮ್ಯಾಲ ಹತ್ತು. ತಡಾ ಆದ್ರ ಮಂದಿ ಒಂದೇ ಸವನ ಕೂಗ್ತಿರ್ತಾರ. ಒಂದ ಒಂದು ಚಪ್ಪಾಳಿ ಹೊಡಿ, ಮೊಬೈಲಿನಾಗ ರೆಕಾರ್ಡ್ ಮಾಡು, ಸಪ್ಪಳ ಪೂರಾ ಅಡಗಾಕ ಎಷ್ಟು ಸೆಕೆಂಡ್ ಹಿಡೀತದ ನೋಡು. ಗೈಡ್ ಸರ್‌ಗೆ ಕತಿ ಹೇಳಬ್ಯಾಡ, ಆ ಗ್ರಾಫ್ ತೋರಿಸು.